ಐಸ್ ಯಂತ್ರದ ಪಕ್ಕದ ಕೋಣೆ

ನಾಲ್ಕು ಜನ ಸೇರಿದ ಕಡೆ ಮಾತಿಗೆ ಕೂರುವವನು ನಾನು. ಹೇಳುವಾಗ ಸ್ವಲ್ಪ ಉಪ್ಪು ಹುಳಿ ಸೇರಿಸುವ ಅಭ್ಯಾಸವೂ ಉಂಟು. ಅಜ್ಜಿಯಿಂದ ಬಂದದ್ದು, ಬಿಡಲಿಕ್ಕಾಗುವುದಿಲ್ಲ. ಆದರೆ ಇದೊಂದಕ್ಕೆ ನಾನು ಏನನ್ನೂ ಸೇರಿಸಿಲ್ಲ. ಸೇರಿಸುವ ಧೈರ್ಯವಿಲ್ಲ. ಒಂದು ಮಾತು ಹೆಚ್ಚು ಹೇಳಿದರೂ ತಿದ್ದಲಿಕ್ಕೆ ಯಾರೋ ಬಾಗಿಲಾಚೆ ನಿಂತಿದ್ದಾರೆ ಅನ್ನಿಸುತ್ತದೆ…

ನಡೆದದ್ದು ಇಲ್ಲೇ, ಈ ಪರದೇಶದಲ್ಲಿ ನಾವು ಮನೆ ಮಾಡಿರುವ ಹೇವರ್ಡಿನಲ್ಲಿ. ಶುರುವಾದದ್ದು ಮಾತ್ರ ಐರ್ಲೆಂಡಿನ ಕಾರ್ಕ್ ಎಂಬ ಊರಿನಲ್ಲಿ ಉಳಿಯಲು ಒಂದು ಹೋಟೆಲು ಹುಡುಕುವುದರಿಂದ.

ಅವತ್ತು ಶುಕ್ರವಾರ. ನನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗಿಲ್‌ರಾಯ್‌ನಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದಳು. ನಾನೊಬ್ಬನೇ ಗಂಜಿ ಉಪ್ಪಿನಕಾಯಿ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ರಾತ್ರಿ ಬಹಳ ಆಗಿತ್ತು. ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ದಿವಾಕರ ಭಾವ.

ದಿವಾಕರ ಭಾವ ಅಂದರೆ ನನ್ನ ಅಕ್ಕ ವಾರಿಜಳ ಗಂಡ. ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ, ಅಲ್ಲೇ ಒಂದು ಅಪಾರ್ಟ್‌ಮೆಂಟು. ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲೆ ನಮ್ಮ ಮನೆಗೆ ಅವರು ಬಂದದ್ದೇ ಕಡಿಮೆ.

"ಎಂತ ಭಾವ, ಇಷ್ಟು ಹೊತ್ತಿಗೆ?"

"ಒಂದು ಹೋಟೆಲು ಬುಕ್ ಮಾಡಿ ಕೊಡು ಸದಾ."

ನನಗೆ ನಗು ಬಂತು. "ಬೇ ದಾಟಿ, ಕೊಲ್ಲಿಯ ಆಚೆ ದಡದಿಂದ ಬಂದದ್ದು ಇದಕ್ಕಾ? ಇಡೀ ದಿನ ಕಂಪ್ಯೂಟರ್ ಕುಟ್ಟುವವರು ನೀವು. ನಾನು ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿಸುವವನು."

ಅವರು ನಗಲಿಲ್ಲ. "ನಾನು ಮಾಡಿದ್ದು ನಿಲ್ಲುದಿಲ್ಲ ಮಾರಾಯ. ನೀನು ಅವಳ ತಮ್ಮ. ನೀನು ಮಾಡಿದ್ರೆ ನಿಲ್ಬಹುದು."

ಫೋನು ತೆಗೆದು ತೋರಿಸಿದರು. ಕಾರ್ಕ್‌ನ ಹೋಟೆಲುಗಳಿಂದ ಬಂದ ಮೇಲ್‌ಗಳು. ಮೊದಲು ಕೋಣೆ ಖಚಿತ ಅಂತ ಒಂದು. ಅದೇ ರಾತ್ರಿ, ಅತಿಥಿಯ ಕೋರಿಕೆಯಂತೆ ರದ್ದು ಮಾಡಲಾಗಿದೆ ಅಂತ ಇನ್ನೊಂದು. ಹೀಗೆ ಮೂರು ಹೋಟೆಲು.

"ಯಾರು ರದ್ದು ಮಾಡಿದ್ದು?"

"ನಾನಂತೂ ಅಲ್ಲ."

ಕಾರ್ಕ್‌ನಲ್ಲಿ ಓದುತ್ತಿದ್ದದ್ದು ಅವರ ಒಬ್ಬಳೇ ಮಗಳು ಧೃತಿ. ಮುಂದಿನ ವಾರ ಅವಳ ಪದವಿ ಪ್ರದಾನ. ತಾಯಿ ಸತ್ತ ಮೇಲೆ ಅಪ್ಪನ ಹತ್ತಿರ ಅವಳು ಸರಿಯಾಗಿ ಮಾತಾಡಿದ್ದೇ ಇಲ್ಲ. ಈಗ ತಾನಾಗಿ ಕರೆದಿದ್ದಾಳೆ, ಒಂದೇ ಒಂದು ಸಲ. ಭಾವನ ಮಾತು ಕೇಳುತ್ತ ಅವಳಿಗೇ ವೀಡಿಯೋ ಕಾಲ್ ಮಾಡಿದೆ. ಅಲ್ಲಿ ಆಗ ಬೆಳಗಾಗಿತ್ತು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಕೂತಿದ್ದಳು.

"ಮಾಮ, ಹಿ ಈಸ್ ಡೂಯಿಂಗ್ ಇಟ್ ಅಗೈನ್," ಅಂದಳು. "ಬುಕ್ ಮಾಡಿದೆ ಅಂತಾರೆ, ದೆನ್ ಕ್ಯಾನ್ಸಲ್. ನನ್ನ ಹಾಸ್ಟೆಲಲ್ಲಿ ಗೆಸ್ಟ್ ಅಲೌ ಇಲ್ಲ, ಗೊತ್ತಲ್ಲ ಅವರಿಗೆ. ಬರೋದು ಬೇಡ ಅಂದ್ರೆ ಬೇಡ ಅಂತ ಹೇಳ್ಲಿ."

"ಬರ್ತಾರೆ ಮಗಾ. ನಾನು ಕೂತು ಬುಕ್ ಮಾಡ್ತೇನೆ."

"ಪದವಿ ಕೊಡೋ ಹಾಲ್‌ನಲ್ಲಿ ಅವರಿಗೆ ಸೀಟು ಇಟ್ಟಿದ್ದೇನೆ. ಆ ಸೀಟು ಖಾಲಿ ಇದ್ರೆ…" ತಲೆಯ ಟವೆಲು ಬಿಚ್ಚಿ ಮಡಿಚಿದಳು. "ಆಮೇಲೆ ನನಗೆ ಫೋನ್ ಮಾಡ್ಬೇಡಿ ಅಂತ ಹೇಳು ಮಾಮ. ಎವರ್."

ಭಾವ ಎದುರಿಗೇ ಕೂತಿದ್ದರು. ಎಲ್ಲ ಕೇಳಿಸಿತು ಅವರಿಗೆ.

ಅವಳ ಸಿಟ್ಟಿಗೆ ಕಾರಣ ಏನು ಅಂತ ಇಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಅಕ್ಕನ ಕಾಯಿಲೆ ವಾಸಿಯಾಗುವುದಲ್ಲ ಅಂತ ಡಾಕ್ಟರು ಹೇಳಿದ ಹೊತ್ತಿಗೇ ಭಾವ ಆಗ ಅವರಿಗಿದ್ದ ಸ್ವಂತ ಮನೆ ಮಾರಲು ಹೊರಟಿದ್ದರು. ಇಲ್ಲಿ ಮನೆ ಮಾರುವುದು ಅಂದರೆ ಮದುವೆ ಹೆಣ್ಣನ್ನು ಸಿಂಗರಿಸಿದ ಹಾಗೆ. ನಮ್ಮ ಸಾಮಾನೆಲ್ಲ ಸಾಗಿಸಬೇಕು, ಬಾಡಿಗೆ ಸೋಫಾ ತಂದಿಡಬೇಕು, ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ನಿಂಬೆಹಣ್ಣಿನ ಬುಟ್ಟಿ ಇಡಬೇಕು. ಒಗ್ಗರಣೆಯ ವಾಸನೆ ಬರಬಾರದು. ಔಷಧದ ವಾಸನೆಯಂತೂ ಬರಲೇಬಾರದು. ಮನೆಯೊಳಗೆ ಸಾವಾದರೆ ಅದನ್ನು ಕೊಳ್ಳುವವರಿಗೆ ಹೇಳಬೇಕಾಗುತ್ತದೆ ಅಂತ ಏಜೆಂಟು ಬೇರೆ ಹೇಳಿದ್ದಳಂತೆ.

ಭಾವ ಅಕ್ಕನನ್ನು ಹೇವರ್ಡಿನ ಒಂದು ಮೋಟೆಲಿಗೆ ಸಾಗಿಸಿದರು. ಫ್ರೀವೇ ಹೆದ್ದಾರಿಯ ಪಕ್ಕದ ಕಟ್ಟಡ. ನೆಲಮಹಡಿಯ ಕೊನೆಯ ಕೋಣೆ. ಗೋಡೆಯಾಚೆ, ಉಳಿಯಲು ಬಂದವರು ಐಸು ತುಂಬಿಸಿಕೊಳ್ಳುವ ಐಸ್ ಯಂತ್ರ. ಹಗಲೂ ರಾತ್ರಿಯೂ ಗಡಗಡ ಅಂತ ಐಸು ಬೀಳುವ ಸದ್ದು. ಕಾರ್ಪೆಟಿನ ಸೋಪಿನ ವಾಸನೆ. ಅದರ ಮೇಲೆ ಅಕ್ಕ ಹಚ್ಚಿಕೊಳ್ಳುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆ.

ನಾನು ದಿನಾ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ನಮ್ಮಲ್ಲಿಗೆ ಬಾ ಅಂತ ಎಷ್ಟು ಕರೆದರೂ ಒಪ್ಪಲಿಲ್ಲ. "ನಿನ್ನ ಮನೆ ಬೇಡ ಸದಾ. ನನ್ನ ಮನೆ ಬೇಕು. ನಾನು ಕಟ್ಟಿದ್ದು ಅದು," ಅನ್ನುತ್ತಿದ್ದಳು.

ದಿನಾ ಸಂಜೆ ಗಂಡನನ್ನು ಕೇಳುತ್ತಿದ್ದಳು, "ಮನೆಗೆ ಯಾವಾಗ?" ನಾವು ಮನೆಯಲ್ಲಿ ತುಳು ಮಾತಾಡುವವರು. ಭಾವ ಫೋನಿನಿಂದ ತಲೆ ಎತ್ತದೆ ಹೇಳುತ್ತಿದ್ದರು, "ಬರ್ಪಿನ ವಾರ ತೂಕ." ಮುಂದಿನ ವಾರ ನೋಡುವಾ, ಅಂತ.

ಧೃತಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳು ಕಾಲ್ ಮಾಡಿದಾಗ ಭಾವ ಅಕ್ಕನ ಬೆನ್ನ ಹಿಂದೆ ಮನೆಯಿಂದ ತಂದ ಪರದೆ ಹಿಡಿದು ನಿಲ್ಲುತ್ತಿದ್ದರು, ಮಗಳಿಗೆ ಮನೆಯೇ ಕಾಣಲಿ ಅಂತ. ಅಕ್ಕ ಕ್ಯಾಮೆರಾ ನೋಡಿ ನಗುತ್ತಿದ್ದಳು. ಓದುವ ಹುಡುಗಿ, ಗಾಬರಿ ಮಾಡಿಕೊಳ್ಳುವುದು ಬೇಡ ಅಂತ ಅವಳೂ ಸುಮ್ಮನಿದ್ದಳು.

ಒಂದು ಸಂಗತಿ ಮರೆಯುವ ಹಾಗಿಲ್ಲ. ಕ್ಲೀನಿಂಗಿನವರು ಬರದ ಹಾಗೆ ಬಾಗಿಲಿನ ಹಿಡಿಗೆ ತೂಗುಹಾಕುವ ಒಂದು ಕಾರ್ಡು ಇರುತ್ತದಲ್ಲ, 'ಡು ನಾಟ್ ಡಿಸ್ಟರ್ಬ್' ಅಂತ, ಕೆಂಪು ಬಣ್ಣದ್ದು, ಅದನ್ನು ಅಕ್ಕ ಯಾವಾಗಲೂ ತಲೆದಿಂಬಿನ ಹತ್ತಿರ ಇಟ್ಟುಕೊಂಡಿರುತ್ತಿದ್ದಳು. ಬೇಕೆಂದಾಗ ನನ್ನ ಕೈಗೆ ಕೊಟ್ಟು ಹೊರಗೆ ಹಾಕಿಸುತ್ತಿದ್ದಳು. "ಇಷ್ಟು ಮಾತ್ರ ನನ್ನ ಕೈಯಲ್ಲಿ ಉಳಿದದ್ದು," ಅಂತ ನಗುತ್ತಿದ್ದಳು. ಮತ್ತೊಮ್ಮೆ, ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ, ಬಾಗಿಲ ಕಡೆ ನೋಡುತ್ತ ಹೇಳಿದ್ದಳು: "ನಿನ್ನ ಭಾವನಿಗೆ ಹೋಟೆಲು ಅಂದ್ರೆ ಭಾರೀ ಇಷ್ಟ ಅಲ್ವಾ. ನಾನು ನೋಡ್ಕೊಳ್ತೇನೆ…"

ಆ ಕೋಣೆಯಲ್ಲೇ ಹೋದಳು. ತಾನು ನೋಡುತ್ತಿದ್ದದ್ದು ಮನೆಯಲ್ಲ, ಮೋಟೆಲಿನ ಮುಂದೆ ಹಿಡಿದ ಪರದೆ ಅಂತ ಧೃತಿಗೆ ಗೊತ್ತಾದದ್ದು ಆಮೇಲೆ.

ನಮ್ಮ ಕಡೆ ಒಂದು ಕ್ರಮ ಉಂಟು. ಉತ್ತರಕ್ರಿಯೆಯಾದ ಸಂಜೆ, ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯಬೇಕು. ಎಲೆ ಹಾಕಿ, ಅವರಿಗೆ ಇಷ್ಟವಾದದ್ದು ಬಡಿಸಿ, ಬಾಗಿಲು ಹಾಕಿಕೊಂಡು ನಾವೆಲ್ಲ ಹೊರಗೆ ಮಾತಿಲ್ಲದೆ ನಿಲ್ಲಬೇಕು. ಅಲ್ಲಿಂದ ಅವರು ಆ ಮನೆಯ ಹಿರಿಯರೊಂದಿಗೆ ಸೇರಿದ ಹಾಗೆ. ಭಾವನ ಮನೆಯಲ್ಲಿ ಆಗ ಪ್ಲಾಸ್ಟಿಕ್ ನಿಂಬೆಹಣ್ಣು. ಅವರು ಆ ಕೆಲಸವನ್ನೂ ಮೋಟೆಲಿನಲ್ಲೇ ಮುಗಿಸಿದರು.

ಉಡುಪಿಯಿಂದ ದೊಡ್ಡಪ್ಪ ಫೋನಿನಲ್ಲಿ ಕ್ರಮ ಹೇಳಿಕೊಡುತ್ತಿದ್ದರು. "ಯಾವ ಬಾಗಿಲಲ್ಲಿ ಕರೀತೀರೋ ಅದೇ ಅವಳ ಮನೆ ಆಗ್ತದೆ. ಬೇಡ ದಿವಾಕರ, ಸದಾನ ಮನೆಗಾದ್ರೂ ಹೋಗಿ," ಅಂದರು. ನಾನೂ ಅದನ್ನೇ ಹೇಳಿದೆ. "ಎಲ್ಲ ಕಡೆಯೂ ಬಾಗಿಲು ಬಾಗಿಲೇ," ಅಂತ ಭಾವ ಫೋನು ಇಟ್ಟರು. ಬೀಗಕ್ಕೆ ಕೀ ಕಾರ್ಡು ತೋರಿಸಿ ಬಾಗಿಲು ತೆರೆದರು. ಟೀ… ಕ್ಲಿಕ್. "ವಾರಿಜಾ, ಒಳಗೆ ಬಾ," ಅಂದರು.

ಮರುದಿನ ಕೋಣೆ ಖಾಲಿ ಮಾಡಿ ಹೊರಟುಹೋದರು.

ಹೀಗೆ, ಆ ಶುಕ್ರವಾರ ರಾತ್ರಿ ನಾನು ಲ್ಯಾಪ್‌ಟಾಪು ತೆರೆದು ಕೂತೆ. ಭಾವ ಪಕ್ಕದಲ್ಲಿ. ಹೊರಗೆ ಬೇ ಕಡೆಯಿಂದ ಮಂಜು ಬಂದು ಬೀದಿದೀಪವನ್ನು ಮುಚ್ಚಿತ್ತು. ದೂರದಲ್ಲಿ ಗೂಡ್ಸ್ ರೈಲಿನ ಹಾರನ್ನು.

ನದಿ ದಂಡೆಯ ಮೇಲೆ ಒಂದು ಹೋಟೆಲು ಚೆನ್ನಾಗಿತ್ತು. ರೈಲ್ವೆ ಸ್ಟೇಷನ್ನಿಗೆ ಹತ್ತಿರ, ಬೆಳಗಿನ ತಿಂಡಿ ಸೇರಿ. ಭಾವನ ಮುಖ ಸ್ವಲ್ಪ ಅರಳಿತು. "ತಿಂಡಿಗೆ ಬರೀ ಬ್ರೆಡ್ಡು ಕೊಡ್ತಾರೋ ಏನೋ," ಅಂದರು. ಮನುಷ್ಯನಿಗೆ ಎಂಥ ಹೊತ್ತಿನಲ್ಲೂ ತಿಂಡಿಯ ಯೋಚನೆ.

"ಕಂಪ್ಯೂಟರ್ ಬೇಡ ಭಾವ. ನೇರ ಫೋನೇ ಮಾಡುವಾ. ಆಗ ಯಾರು ರದ್ದು ಮಾಡ್ತಾರೆ ನೋಡುವಾ."

ಸ್ಪೀಕರ್ ಹಾಕಿ ಫೋನು ಮಾಡಿದೆ. ಅಲ್ಲಿನ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. ದಿನ, ಹೆಸರು, ಎಲ್ಲ ಬರೆದುಕೊಂಡ. ಆಮೇಲೆ, "ಸಾರ್, ನಿಮ್ಮ ಪಕ್ಕದಲ್ಲಿರುವ ಮೇಡಮ್ಮಿಗೆ ಈ ಕೋಣೆ ಒಪ್ಪಿಗೆ ಇಲ್ಲ ಅಂತ ಕಾಣುತ್ತದೆ," ಅಂದ.

"ಯಾವ ಮೇಡಮ್ಮು?"

"ಬೇಡ, ಬೇಡ ಅನ್ನುತ್ತಿದ್ದಾರಲ್ಲ. ನೀವು ಮಾತಾಡಿಕೊಂಡು ಮತ್ತೆ ಫೋನು ಮಾಡಿ."

ಭಾವ ನನ್ನ ಮುಖ ನೋಡಿದರು. ನಾನು ಟಿವಿ ಕಡೆ ನೋಡಿದೆ. ಟಿವಿ ಬಂದ್ ಆಗಿತ್ತು.

"ಲೈನು ಕ್ರಾಸ್ ಆಗಿರ್ಬೇಕು," ಅಂದೆ.

ಗುಡ್ಡದ ಮೇಲೆ ಇನ್ನೊಂದು ಹೋಟೆಲಿತ್ತು. ಅಲ್ಲಿ ಫೋನು ಎತ್ತಿದ ಹೆಂಗಸು ನಾವು ಹೆಸರು ಹೇಳುವ ಮೊದಲೇ, "ಪಾಪ, ಯಾರೋ ಬಹಳ ಕೆಮ್ಮುತ್ತಿದ್ದಾರೆ. ಮೊದಲು ಅವರಿಗೆ ನೀರು ಕೊಡಿ, ನಾನು ಕಾಯುತ್ತೇನೆ," ಅಂದಳು.

ನಾನು ಫೋನು ಕತ್ತರಿಸಿದೆ. ನಮ್ಮಿಬ್ಬರಲ್ಲಿ ಯಾರೂ ಕೆಮ್ಮಿರಲಿಲ್ಲ.

ಆಗಲೇ ಆ ಸದ್ದು… ಹಜಾರದ ಕಡೆಯಿಂದ. ಟೀ… ಕ್ಲಿಕ್.

ನನ್ನ ಮನೆಯ ಬೀಗ ಹಳೇ ಕಾಲದ್ದು. ಹಿತ್ತಾಳೆಯ ಕೀ ಹಾಕಿ ತಿರುಗಿಸಬೇಕು. ಆ ಸದ್ದು ಮಾಡುವಂಥ ಬಾಗಿಲು ನನ್ನ ಮನೆಯಲ್ಲಿ ಒಂದೂ ಇಲ್ಲ.

ಆಮೇಲೆ ಮೆಲ್ಲಗೆ ವಾಸನೆ ಬಂತು. ಮೊದಲು ಕಾರ್ಪೆಟಿನ ಸೋಪು… ಅದರ ಹಿಂದೆಯೇ ನೀಲಗಿರಿ.

"ಸದಾ," ಭಾವ ಪಿಸುಗುಟ್ಟಿದರು. "ನಿಂಗೂ ಬರ್ತಾ ಉಂಟಾ ವಾಸನೆ?"

"ಹೂಂ."

"ಮೂರು ವರ್ಷದಿಂದ ನಾನು ಒಂದು ಹೋಟೆಲಿನಲ್ಲೂ ಮಲಗ್ಲಿಲ್ಲ ಮಾರಾಯ. ಆಫೀಸಿನ ಕೆಲಸಕ್ಕೆ ಹೋದ್ರೂ ಕಾರಲ್ಲೇ ಮಲಗ್ತೇನೆ. ಕೀ ಕಾರ್ಡು ಹಾಕಿದ್ರೆ ನನಗೆ ಬಾಗಿಲು ತೆರಿಯುದಿಲ್ಲ. ರಿಸೆಪ್ಷನಿನವರು ಬಂದು ಹಾಕಿದ್ರೆ ತೆರೀತದೆ. ಮತ್ತೆ ನಾನು ಹಾಕಿದ್ರೆ ಇಲ್ಲ."

ನಾನು ಎದ್ದು ಹಜಾರದ ದೀಪ ಹಾಕಿದೆ. ಯಾರೂ ಇಲ್ಲ. ಅಕ್ಕ ಬಾಗಿಲ ಕಡೆ ನೋಡುತ್ತ ಮಲಗಿದ್ದದ್ದು ಕಣ್ಣ ಮುಂದೆ ಬಂತು.

ಮೂರನೆಯದು ಕಾಲೇಜಿನ ಹತ್ತಿರದ ಒಂದು ಸಣ್ಣ ಹೋಟೆಲು. ನಾನು ಬೇಡ ಅಂದೆ. ಭಾವನೇ ಫೋನು ಕಸಿದುಕೊಂಡು ಮಾಡಿದರು. ಹೆಸರು ಹೇಳಿದರು.

"ಹೌದು ಸಾರ್, ನಿಮ್ಮ ಕೋಣೆ ಇದೆಯಲ್ಲ," ಅಂದಿತು ಆ ಕಡೆಯ ದನಿ, ಸಂತೋಷದಿಂದ. "ನಿಮ್ಮ ಶ್ರೀಮತಿಯವರು ಈಗ ತಾನೇ ಮಾಡಿಸಿದರು. ಇಬ್ಬರಿಗೆ. ನೆಲಮಹಡಿ, ಕೊನೆಯ ಕೋಣೆ. ಐಸ್ ಯಂತ್ರದ ಪಕ್ಕದ್ದೇ ಆಗಬೇಕು ಅಂದರು. ನಮ್ಮಲ್ಲಿ ಐಸ್ ಯಂತ್ರ ಇಲ್ಲ ಅಂದೆ. ಪರವಾಗಿಲ್ಲ, ಅದು ಬರುತ್ತದೆ ಅಂದರು."

ಭಾವ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಹೋಗ್ಬೇಡಿ ಭಾವ. ಧೃತಿಗೆ ನಾನು ಹೇಳ್ತೇನೆ."

"ಎಂತ ಹೇಳ್ತಿ? ನಿನ್ನ ಅಮ್ಮ ಬಿಡ್ಲಿಲ್ಲ ಅಂತಲಾ?" ಎದ್ದು ಶೂ ಹಾಕಿಕೊಂಡರು. "ಆ ಸೀಟು ಖಾಲಿ ಇರ್ಬಾರ್ದು ಸದಾ. ಕೋಣೆಯಲ್ಲಿ ಒಂದು ರಾತ್ರಿ ಕಣ್ಣು ಬಿಟ್ಕೊಂಡು ಕೂತ್ಕೊಳ್ತೇನೆ. ಬೆಳಿಗ್ಗೆ ಎದ್ದು ಹೋಗುದು, ಅಷ್ಟೇ."

ಆ ಬುಕಿಂಗು ಮಾತ್ರ ರದ್ದಾಗಲಿಲ್ಲ.

ಪದವಿ ಪ್ರದಾನ ಅಲ್ಲಿ ಬೆಳಿಗ್ಗೆ. ಅಂದರೆ ನಮಗೆ ನಡುರಾತ್ರಿ ಕಳೆದ ಮೇಲೆ. ನಾನು ನಿದ್ದೆ ಮಾಡಿರಲಿಲ್ಲ. ಹೆಂಡತಿ ಮಕ್ಕಳು ಒಳಗೆ ಮಲಗಿದ್ದರು, ನಾನು ಸೋಫಾದ ಮೇಲೆ ಫೋನು ಹಿಡಿದು ಕೂತಿದ್ದೆ. ಭಾವ ಹಿಂದಿನ ಸಂಜೆ ಕಾರ್ಕ್ ಮುಟ್ಟಿದ್ದರು. ಧೃತಿ ಬಸ್‌ಸ್ಟಾಂಡಿಗೆ ಬಂದು ಅಪ್ಪನನ್ನು ಅಪ್ಪಿಕೊಂಡಳಂತೆ. ಅಪ್ಪನೂ ಮಗಳೂ ಕೊಡೆಯ ಕೆಳಗೆ ನಿಂತ ಫೋಟೋ ಕಳಿಸಿದ್ದರು. ಭಾವ ಅಷ್ಟು ನಕ್ಕದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

ಫೋನು ಬಂತು.

"ಸದಾ…" ಪಿಸುಮಾತು. "ಬಾಗಿಲು ತೆರೀತಾ ಇಲ್ಲ."

"ರಿಸೆಪ್ಷನಿಗೆ ಹೇಳಿ ಭಾವ."

"ಮಾಡಿದೆ. ಒಂದು ಹೆಂಗ್ಸು ಎತ್ತುತ್ತಾಳೆ. ಬಾಗಿಲು ತೆಗ್ಸಿ ಅಂದ್ರೆ…" ದನಿ ಇನ್ನೂ ತಗ್ಗಿಸಿದರು. "ಬರ್ಪಿನ ವಾರ ತೂಕ, ಅಂತಾಳೆ."

ಕಾರ್ಕ್ ಪಟ್ಟಣದ ಹೋಟೆಲಿನಲ್ಲಿ, ತುಳುವಿನಲ್ಲಿ.

ನಾನು ಸೋಫಾದಿಂದ ಎದ್ದು ನಿಂತೆ. "ಕಿಟಕಿ ತೆಗೀರಿ. ನೆಲಮಹಡಿ ಅಲ್ವಾ, ಹಾರಿಬಿಡಿ."

"ಕಿಟಕಿ ಕೈಯಗಲ ಮಾತ್ರ ತೆರೀತದೆ. ನಿನ್ನೆ ಇಲ್ಲಿ ಚರ್ಚ್ ಕಾಣ್ತಿತ್ತು ಮಾರಾಯ. ಈಗ ಕತ್ತಲೆ ಉಂಟು. ಪಾರ್ಕಿಂಗ್ ಲಾಟು ಕಾಣ್ತದೆ. ನಮ್ಮ ಹಳೇ ಕಾರು… ಆ ಬಿಳೀ ಕಾರು ಇಲ್ಲಿ ಯಾಕೆ ನಿಂತಿದೆ ಸದಾ?"

ಆ ಕಾರನ್ನು ಭಾವ ಮೂರು ವರ್ಷದ ಹಿಂದೆ, ಅಕ್ಕ ತೀರಿಕೊಂಡ ತಿಂಗಳೇ ಮಾರಿದ್ದರು.

ಫೋನಿನೊಳಗೆ ಅವರ ದನಿಯ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ಗಡಗಡ… ಐಸು ಬೀಳುವ ಸದ್ದು. ಅದರಾಚೆ ಫ್ರೀವೇ ಮೇಲೆ ಲಾರಿಗಳು.

ಹೆಂಡತಿಯ ಫೋನಿನಿಂದ ಕಾರ್ಕ್‌ನ ಹೋಟೆಲಿಗೆ ಮಾಡಿದೆ. ಗಂಡಸೊಬ್ಬ ಎತ್ತಿದ. "ಆ ಕೋಣೆಯವರು ಬೆಳಿಗ್ಗೆ ಬೇಗನೆ ಹೊರಟುಹೋದರು. ಮೇಡಮ್ಮು ಕೀ ಕಾರ್ಡು ತಂದುಕೊಟ್ಟರು. ಈಗ ನಮ್ಮವರು ಅಲ್ಲೇ ಹಾಸಿಗೆ ಬದಲಾಯಿಸುತ್ತಿದ್ದಾರೆ," ಅಂದ. ಎಡಗಿವಿಯಲ್ಲಿ ಅವನು ಹೀಗೆ ಹೇಳುತ್ತಿದ್ದಾಗ ಬಲಗಿವಿಯಲ್ಲಿ ಭಾವ ಬಾಗಿಲನ್ನು ಒದೆಯುತ್ತಿದ್ದರು.

ಧೃತಿಯ ಫೋನು ಬಂದ್. ಅವಳು ಆಗಲೇ ಪದವಿ ಪ್ರದಾನದ ಹಾಲ್‌ನೊಳಗೆ ಕೂತಿದ್ದಳು.

ಕಾರಿನ ಕೀ ತೆಗೆದುಕೊಂಡು ಹೊರಟೆ. ಎಲ್ಲಿಗೆ ಹೊರಟೆ ಅಂತ ನನಗೆ ನಾನೇ ಹೇಳಿಕೊಳ್ಳಲಿಲ್ಲ. ಕೈಗಳೇ ಸ್ಟೇರಿಂಗ್ ತಿರುಗಿಸಿದವು.

ಮೋಟೆಲು ಹಾಗೇ ಇತ್ತು. ಅರ್ಧ ಉರಿಯದ ಬೋರ್ಡು. ಐಸ್ ಯಂತ್ರದ ಮೇಲೆ ಒಂದು ನೀಲಿ ದೀಪ. ಕೊನೆಯ ಕೋಣೆಯ ಬಾಗಿಲ ಹಿಡಿಯಲ್ಲಿ ಕೆಂಪು ಕಾರ್ಡು ತೂಗುತ್ತಿತ್ತು. ಗಾಳಿ ಇರಲಿಲ್ಲ. ಆದರೂ ತೂಗುತ್ತಿತ್ತು…

ಬಾಗಿಲ ಕೆಳಗೆ ಬೆಳಕು. ಮೆಲ್ಲಗೆ ಬಡಿದೆ.

ಫೋನಿನಲ್ಲಿ ಭಾವ ಹೇಳಿದರು, "ಸದಾ… ಯಾರೋ ಬಾಗಿಲು ಬಡೀತಾ ಇದ್ದಾರೆ."

ಆ ಮಾತು ನನಗೆ ಎರಡು ಸಲ ಕೇಳಿಸಿತು. ಒಮ್ಮೆ ಫೋನಿನಿಂದ. ಒಮ್ಮೆ ಮರದ ಬಾಗಿಲಿನಾಚೆಯಿಂದ.

"ನಾನೇ ಭಾವ! ನಾನೇ!"

"ಸದಾ, ತೆಗಿ ಮಾರಾಯ. ಅಲ್ಲಿ ಹೆಸರು ಕರೀತಾ ಇರ್ತಾರೆ. ಅವಳು ಸ್ಟೇಜ್ ಮೇಲಿಂದ ನೋಡ್ತಾಳೆ. ಆ ಸೀಟು…" ಭಾವ ಅಳುತ್ತಿದ್ದರು. "ವಾರಿಜಾ, ಮಗಳ ಮುಖ ನೋಡಿಯಾದ್ರೂ ಬಿಡು. ಮನೆಗೆ ಕರ್ಕೊಂಡು ಹೋಗ್ತೇನೆ ನಿನ್ನ. ಈಗ್ಲೇ ಹೋಗುವಾ."

ಒಳಗೆ ಯಾರೋ ಕೆಮ್ಮಿದರು. ಆಮೇಲೆ ಮಾತು. ಭಾವನ ದನಿಗಿಂತ ಬಹಳ ಹತ್ತಿರ, ಬಾಗಿಲಿಗೆ ಕೆನ್ನೆ ಒತ್ತಿ ನಿಂತ ಹಾಗೆ. ಸಿಟ್ಟಿಲ್ಲ, ದನಿ ಏರಿಸಿದ್ದೂ ಇಲ್ಲ. ಫೋನಿನಿಂದ ತಲೆ ಎತ್ತದೆ ಉತ್ತರ ಕೊಡುವವರ ಹಾಗೆ:

"ಬರ್ಪಿನ ವಾರ ತೂಕ."

ನಾನು ಆಫೀಸಿಗೆ ಓಡಿದೆ. ರಾತ್ರಿ ಪಾಳಿಯ ಮುದುಕ ಕಂಬಳಿ ಹೊದ್ದು ಕೂತಿದ್ದ. ಕೋಣೆ ತೆಗೆಯಪ್ಪಾ, ಒಳಗೆ ಮನುಷ್ಯ ಸಿಕ್ಕಿಬಿದ್ದಿದ್ದಾನೆ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಆ ರೂಮು ನಾವು ಬಾಡಿಗೆಗೆ ಕೊಡುವುದಿಲ್ಲ. ಹಳೇ ಹಾಸಿಗೆ ತುಂಬಿಸಿದ್ದೇವೆ."

"ಬೆಳಕು ಉಂಟು. ಕಾರ್ಡು ಹಾಕಿದೆ."

ಕಾರ್ಡು ಅಂದ ಕೂಡಲೇ ಅವನ ಮುಖ ಇಳಿಯಿತು. "ಕಾರ್ಡು ಇದೆಯಾ? ಹಾಗಾದರೆ ತೆಗೆಯುವುದಿಲ್ಲ. ನಾವು ತೆಗೆದಿಟ್ಟರೂ ಅದು ಮತ್ತೆ ಬರುತ್ತದೆ. ಕಾರ್ಡು ಹೋಗುವವರೆಗೆ ಯಾರೂ ಹತ್ತಿರ ಹೋಗುವುದಿಲ್ಲ."

ಬೇಡಿದೆ, ಬೈದೆ, ಕೈ ಮುಗಿದೆ. ಎಲ್ಲ ಕೋಣೆ ತೆರೆಯುವ ಮಾಸ್ಟರ್ ಕೀ ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕೂತುಬಿಟ್ಟ. ಪೊಲೀಸರಿಗೆ ಫೋನು ಮಾಡೋಣ ಅಂದುಕೊಂಡೆ. ಮಾಡಿ ಏನು ಹೇಳಲಿ? ಐರ್ಲೆಂಡಿಗೆ ಹೋದ ಮನುಷ್ಯ ಹೇವರ್ಡಿನ ಮೋಟೆಲಿನಲ್ಲಿ ಬಂದಿಯಾಗಿದ್ದಾನೆ ಅಂತಲಾ?

ವಾಪಸು ಬಂದು ಆ ಬಾಗಿಲಿಗೆ ಹೆಗಲು ಕೊಟ್ಟೆ, ಒದ್ದೆ, ಅಕ್ಕನನ್ನು ಕರೆದೆ. ಒಳಗೆ ಭಾವನ ಅಳು ಸಣ್ಣದಾಗುತ್ತ ಬಂತು. ಐಸು ಮಾತ್ರ ಗಡಗಡ ಬೀಳುತ್ತಲೇ ಇತ್ತು. ಕೊನೆಗೆ ಕಾರಿನಲ್ಲಿ ಕೂತು ಆ ಕೆಂಪು ಕಾರ್ಡನ್ನೇ ನೋಡುತ್ತಿದ್ದೆ. ಒಮ್ಮೆ ಕಣ್ಣು ಮಿಟುಕಿಸಿದೆ, ಅಷ್ಟೇ. ಕಾರ್ಡು ಇರಲಿಲ್ಲ.

ಮುದುಕ ಬಂದು ಬಾಗಿಲು ತೆರೆದ. ಟೀ… ಕ್ಲಿಕ್. ಒಳಗೆ ಕತ್ತಲೆ. ಒಂದರ ಮೇಲೊಂದು ಹಾಸಿಗೆ, ಛಾವಣಿಯವರೆಗೆ. ಮನುಷ್ಯ ನಿಲ್ಲುವಷ್ಟು ಜಾಗವೂ ಇರಲಿಲ್ಲ. ನೀಲಗಿರಿಯ ವಾಸನೆ ಮಾತ್ರ ಹಸಿಯಾಗಿತ್ತು.

ಅದೇ ಕ್ಷಣ ಫೋನಿನಲ್ಲಿ ಭಾವ, "ತೆರೀತು… ಬಾಗಿಲು ತೆರೀತು," ಅಂದರು. ಓಡುವ ಸದ್ದು, ಮಳೆಯ ಸದ್ದು, ಚರ್ಚಿನ ಗಂಟೆ. ಆಮೇಲೆ ಅವರು ಓಡುವುದನ್ನು ನಿಲ್ಲಿಸಿದರು.

ಪದವಿ ಪ್ರದಾನ ಮುಗಿದು ಹಾಲ್‌ನಿಂದ ಜನ ಹೊರಗೆ ಬರುತ್ತಿದ್ದರಂತೆ.

ಸ್ವಲ್ಪ ಹೊತ್ತಿನಲ್ಲಿ ಧೃತಿ ನನಗೆ ಫೋನು ಮಾಡಿದಳು. ಅವಳು ಅತ್ತಿರಲಿಲ್ಲ. "ಹೋಟೆಲಿಗೆ ಕೇಳಿದೆ ಮಾಮ. ಬೆಳಿಗ್ಗೇನೇ ಚೆಕ್ ಔಟ್ ಮಾಡಿದ್ರಂತೆ. ಯಾರೋ ಹೆಂಗಸಿನ ಜೊತೆ." ಆಮೇಲೆ, "ನಾನು ಹೇಳಿದ್ದು ಅವರಿಗೆ ನೆನಪಿಸು," ಅಂದಳು. ನಾನು ನಡೆದದ್ದನ್ನು ಹೇಳಲು ಬಾಯಿ ತೆರೆದೆ. "ಪ್ಲೀಸ್ ಮಾಮ. ನೀನೂ ಪರದೆ ಹಿಡೀಬೇಡ," ಅಂದು ಇಟ್ಟಳು.

ಅಂದಿನಿಂದ ಅವಳು ಅಪ್ಪನ ಫೋನು ಎತ್ತಿಲ್ಲ.

ಭಾವ ಹಿಂದಿರುಗಿದ ಮೇಲೆ ನೇರ ನಮ್ಮ ಮನೆಗೇ ಬಂದರು. ಬಾಗಿಲಲ್ಲಿ ನಿಂತು ಕೇಳಿದರು, "ನಿನ್ನ ಮನೆಗೆ ಕರೀತೀಯಾ ಅವಳನ್ನು? ಆ ಕೋಣೆಯಿಂದ ಅವಳು ಹೊರಗೆ ಬಂದ್ರೆ ಧೃತಿಯೂ…" ಮುಗಿಸಲಿಲ್ಲ.

ನನಗೂ ಅಕ್ಕ ಬೇಕಿತ್ತು. ಹೆಂಡತಿ ಒಪ್ಪಿದಳು. ಮುಂದಿನ ಅಮಾವಾಸ್ಯೆಗೆ ಕೋಳಿ ಸುಕ್ಕ, ನೀರುದೋಸೆ, ಅಕ್ಕನಿಗೆ ಇಷ್ಟವಾದ ಹಲಸಿನ ಹಪ್ಪಳ, ಎಲ್ಲ ಮಾಡಿದಳು. ಎಲೆ ಹಾಕಿ ಬಡಿಸಿ, ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದಳು. ನಾನು ಹೊಸ್ತಿಲಲ್ಲಿ ನಿಂತು ಕತ್ತಲೆಗೆ ಕರೆದೆ. "ವಾರಿಜಕ್ಕಾ, ಒಳಗೆ ಬಾ. ಇದು ನಿನ್ನದೇ ಮನೆ."

ಬಾಗಿಲು ಎಳೆದುಕೊಂಡು ಭಾವನೂ ನಾನೂ ಮೆಟ್ಟಿಲ ಮೇಲೆ ಕೂತೆವು. ಕೀ ನನ್ನ ಮುಷ್ಟಿಯಲ್ಲಿತ್ತು. ಮಾತಾಡಬಾರದು, ಆಡಲಿಲ್ಲ. ಒಳಗೆ ಪಾತ್ರೆಯ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ. ಭಾವ ಫೋನಿನಲ್ಲಿ ಕೊಡೆಯ ಕೆಳಗಿನ ಆ ಫೋಟೋ ನೋಡುತ್ತಿದ್ದರು.

ಹಪ್ಪಳ ತಣ್ಣಗಾಗುವಷ್ಟು ಹೊತ್ತು ಬಿಟ್ಟು ಎದ್ದೆ. ಬರುತ್ತಿದ್ದೇವೆ ಅಂತ ಒಳಗಿನವರಿಗೆ ತಿಳಿಯಲಿ ಅಂತ, ಕ್ರಮದಂತೆ ಮೊದಲು ಕೆಮ್ಮಿದೆ. ಬಾಗಿಲಿನಾಚೆಯಿಂದ ಅದಕ್ಕೆ ಉತ್ತರವಾಗಿ ಇನ್ನೊಂದು ಕೆಮ್ಮು ಬಂತು…

ಕೀ ತಿರುಗಿಸಿ ತಳ್ಳಿದೆ. ಎಲೆಯ ಮೇಲೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಒಂದು ಅಗುಳೂ ಕದಲಿರಲಿಲ್ಲ. ಬಾಗಿಲ ಒಳಗಿನ ಹಿಡಿಯಲ್ಲಿ ಕೆಂಪು ಕಾರ್ಡು ತೂಗುತ್ತಿತ್ತು.

ಹಿಂದೆಯೇ ಎದ್ದು ಬಂದ ಭಾವ ಅದನ್ನು ನೋಡಿ ಮತ್ತೆ ಮೆಟ್ಟಿಲ ಮೇಲೆ ಕೂತರು.

ಅವರ ಹೆಗಲ ಮೇಲೆ ಕೈಯಿಟ್ಟೆ. ಸಮಾಧಾನದ ಮಾತು ಹೇಳಬೇಕು ಅಂತಲೇ ಬಾಯಿ ತೆರೆದದ್ದು, ದೇವರಾಣೆಗೂ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

"ಬರ್ಪಿನ ವಾರ ತೂಕ," ಅಂದೆ.

ಭಾವ ತಲೆ ಎತ್ತಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಆ ಮಾತು ನಾನು ಆಡಿದ್ದೋ, ಅಕ್ಕ ಆಡಿಸಿದ್ದೋ… ಅಥವಾ ಆ ಕೋಣೆಗೆ ದಿನಾ ಗಂಜಿ ಹೊತ್ತ ತಮ್ಮನೊಳಗೆ ಮೊದಲಿನಿಂದಲೂ ಇದ್ದದ್ದೋ, ಇವತ್ತಿಗೂ ಹೇಳಲಾರೆ. ಕಾರ್ಡು ನಮ್ಮ ಮನೆಯಲ್ಲೇ ಉಂಟು. ಎಸೆಯುವ ಧೈರ್ಯವಾಗಿಲ್ಲ. ಹೆಂಡತಿ ಅದನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಡುತ್ತಾಳೆ.

ಕೆಲವು ದಿನ ಬೆಳಿಗ್ಗೆ ಅದು ಅಲ್ಲಿರುವುದಿಲ್ಲ. ಅವತ್ತು ಅದು ಭಾವನ ಬಾಗಿಲಲ್ಲಿ ತೂಗುತ್ತಿರಬೇಕು ಅಂತ ಗೊತ್ತಿದ್ದೂ ನಾನು ಅವರಿಗೆ ಫೋನು ಮಾಡುವುದಿಲ್ಲ.